ಡಾಂಬರಿಗೆ ಕಬ್ಬಿನ ನಾರು, ಕೂಲಿಕಾರನಿಗೆ ಏನು?

ಹೋದ ಕಬ್ಬಿನ ಹಂಗಾಮಿನಲ್ಲಿ ಸಂಘದ ಕೆಲಸದ ಮೇಲೆ ನಾನು ಬಾರಾಮತಿಗೆ ಹೋಗಬೇಕಾಗಿ ಬಂತು. ನಮ್ಮ ವಿಜಯಪುರ ಜಿಲ್ಲೆಯ ಕಡೆಯಿಂದ ಬಂದ ಹದಿನೆಂಟು ಜನರ ಒಂದು ಟೋಳಿ ಆ ಊರಿನ ಹೊರಗೆ ರಸ್ತೆಯ ಡಾಂಬರು ಕೆಲಸದಲ್ಲಿತ್ತು. ಅವರ ಎರಡು ವಾರದ ಪಗಾರ ನಿಂತಿದೆಯೆಂದು ನಮ್ಮ ಕಚೇರಿಗೆ ಫೋನು ಬಂದಿತ್ತು. ಪಗಾರದ ತಕರಾರು ಆ ದಿನವೇ ಮಧ್ಯಾಹ್ನದೊಳಗೆ ತೀರಿತು. ಗುತ್ತೇದಾರನ ಕಡೆಯವರು ಬಂದು ಎಣಿಸಿ ಕೊಟ್ಟರು. ಆದ್ದರಿಂದ ಅದನ್ನಿಲ್ಲಿ ಬೆಳೆಸುವುದಿಲ್ಲ. ನಾನು ಬರೆಯಹೊರಟಿರುವುದು ಅಲ್ಲಿ ಕಿವಿಗೆ ಬಿದ್ದ ಬೇರೊಂದು ಮಾತನ್ನು ಕುರಿತು.

ಡಂಪರು ಬಂದು ಬಿಸಿ ಮಾಲನ್ನು ಸುರಿದ ಕೂಡಲೆ ಗಂಡಸರು ಸಲಿಕೆಯಿಂದ ಎಳೆಯುತ್ತಿದ್ದರು, ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಹೊತ್ತು ಅಂಚಿಗೆ ಹಾಕುತ್ತಿದ್ದರು. ಕಾಲಿಗೆ ಕೆಲವರು ಗೋಣಿತಟ್ಟು ಸುತ್ತಿದ್ದರು. ಬೂಟು ಇದ್ದದ್ದು ನಾಲ್ಕೋ ಐದೋ ಜನರಿಗೆ. ಸೆರಗನ್ನು ಮೂಗಿಗೆ ಬಿಗಿದು ಕಟ್ಟಿಕೊಂಡಿದ್ದ ಹಿರಿಯ ಅಕ್ಕನೊಬ್ಬಳು ಊಟದ ಹೊತ್ತಿಗೆ ಹತ್ತಿರ ಬಂದು ಕೇಳಿದಳು: “ಅಣ್ಣಾರ, ಈ ಸರ್ತಿ ಡಾಂಬರದ ವಾಸನಿ ಬ್ಯಾರೆ ಐತ್ರಿ. ಇದರಾಗ ಪ್ಲಾಸ್ಟಿಕ್ ಚೀಲ ಹಾಕ್ತಾರಂತ, ಖರೇ ಏನ್ರಿ? ಹಾಕಿದ್ರ ನಮಗೇನರ ಆಕ್ಕೈತೇನ್ರಿ?”

ನನಗೆ ಉತ್ತರ ಹೊಳೆಯಲಿಲ್ಲ. ಪಗಾರದ ಲೆಕ್ಕ ಬಲ್ಲೆ, ಕಾಯಿದೆಯ ಕಲಮುಗಳನ್ನು ತಕ್ಕಮಟ್ಟಿಗೆ ಬಲ್ಲೆ, ಆದರೆ ಇಪ್ಪತ್ತು ವರ್ಷ ರಸ್ತೆ ಕೆಲಸದವರ ನಡುವೆ ಓಡಾಡಿದ ಮೇಲೂ ಅವರು ಹೊರುವ ಬುಟ್ಟಿಯೊಳಗೆ ಏನಿದೆ ಎಂಬುದನ್ನು ನಾನು ತಿಳಿದುಕೊಂಡಿರಲಿಲ್ಲ. ಊರಿಗೆ ಮರಳಿದ ಮೇಲೆ ಇಬ್ಬರು ಇಂಜಿನಿಯರ ಮನೆಗೆ ಹೋಗಿ ಕೂತೆ, ಪುಸ್ತಕ ತರಿಸಿ ಓದಿದೆ. ತಿಳಿದದ್ದನ್ನು ಬಂಧುಗಳ ಮುಂದೆ ಇಡುತ್ತಿದ್ದೇನೆ. ಕೊನೆಗೆ ನನ್ನ ಅಭಿಪ್ರಾಯವನ್ನೂ ಹೇಳುತ್ತೇನೆ. ಒಪ್ಪದವರು ಬರೆದು ತಿಳಿಸಲಿ.

ಮೊದಲು ಒಂದು ಹೆಸರಿನ ಮಾತು. ನಾವು ಡಾಂಬರು ಎಂದು ಕರೆಯುವ ವಸ್ತು ಈಗ ನಿಜವಾಗಿ ಡಾಂಬರಲ್ಲ. ಕಲ್ಲಿದ್ದಲನ್ನು ಕಾಸಿ ತೆಗೆಯುತ್ತಿದ್ದ ಹಳೆಯ ಟಾರು ಬಿಟ್ಟುಹೋಗಿ, ಕಚ್ಚಾ ತೈಲವನ್ನು ಶುದ್ಧಿ ಮಾಡಿದ ಮೇಲೆ ತಳದಲ್ಲಿ ಉಳಿಯುವ ಬಿಟುಮೆನ್ ಬಂದಿದೆ. ಹಳೆಯ ಟಾರು ಇನ್ನೂ ಕೆಟ್ಟದ್ದಾಗಿತ್ತು. ಅದು ಕ್ಯಾನ್ಸರ್ ತರುವುದೆಂಬುದರಲ್ಲಿ ವೈದ್ಯರಿಗೆ ಸಂಶಯವಿಲ್ಲ. ಅದು ಹೋದದ್ದು ಒಳ್ಳೆಯದಾಯಿತು. ಹೆಸರು ಮಾತ್ರ ನಾಲಿಗೆಯಲ್ಲಿ ಉಳಿದಿದೆ, ನಾನೂ ಅದನ್ನೇ ಬಳಸುತ್ತೇನೆ.

ನೂರು ಕಿಲೋ ರಸ್ತೆ ಮಾಲಿನಲ್ಲಿ ಸುಮಾರು 95 ಕಿಲೋ ಖಡಿ ಮತ್ತು ಪುಡಿ, 5 ಕಿಲೋದಷ್ಟು ಡಾಂಬರು. ಭಾರ ಹೊರುವುದು ಕಲ್ಲು. ಕಲ್ಲನ್ನು ಕಲ್ಲಿಗೆ ಅಂಟಿಸಿ, ನೀರು ಒಳಗೆ ಇಳಿಯದಂತೆ ಹೊದಿಕೆಯಾಗುವುದು ಡಾಂಬರು. ಬೇಸಿಗೆಯ ಬಿಸಿಲಿಗೆ ಅದು ಮೆತ್ತಗಾಗಿ ಚಕ್ರದ ದಾರಿಯಲ್ಲಿ ತಗ್ಗು ಬೀಳುತ್ತದೆ. ವರ್ಷಗಳು ಕಳೆದಂತೆ ಗಾಳಿ ತಾಗಿ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಮಳೆಯ ನೀರು ಇಳಿದು ಕಲ್ಲಿನಿಂದ ಡಾಂಬರನ್ನು ಬಿಡಿಸುತ್ತದೆ. ಬಿಡಿಸಿದ ಜಾಗದಲ್ಲಿ ಒಂದು ಕಲ್ಲು ಏಳುತ್ತದೆ, ಮಾರನೆಯ ವಾರ ಹತ್ತು ಏಳುತ್ತವೆ. ಅದೇ ಗುಂಡಿ.

ಬಾರಾಮತಿಯ ರಸ್ತೆಗಳಿಗೆ ಇದರ ಮೇಲೆ ಇನ್ನೆರಡು ಕಷ್ಟಗಳಿವೆ. ನೆಲ ಎರೆಮಣ್ಣು, ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ಜಾತಿ. ನಮ್ಮ ವಿಜಯಪುರ, ಬಾಗಲಕೋಟೆಗಳ ಹೊಲದಂತೆಯೇ. ಎರಡನೆಯದು ಕಬ್ಬು. ಬರಗಾಲದ ಪರಿಹಾರ ಕೆಲಸವಾಗಿ ಆರಂಭವಾಗಿ 1885ರಲ್ಲಿ ನೀರು ಹರಿಸಿದ ನೀರಾ ಎಡದಂಡೆ ಕಾಲುವೆಯು ಆ ಸೀಮೆಯನ್ನು ಕಬ್ಬಿನ ಸೀಮೆಯನ್ನಾಗಿ ಮಾಡಿತು. ಮಾಳೇಗಾಂವ, ಸೋಮೇಶ್ವರ ಮೊದಲಾದ ಸಹಕಾರಿ ಸಕ್ಕರೆ ಕಾರಖಾನೆಗಳು ಬಂದವು. ಹಂಗಾಮು ಶುರುವಾದರೆ ಒಂದು ಟ್ರ್ಯಾಕ್ಟರಿನ ಹಿಂದೆ ಎರಡು ಟ್ರೇಲರು, ಎತ್ತಿನ ಗಾಡಿಗಳ ಸಾಲು, ಹಗಲೂ ರಾತ್ರಿ. ಕಾಲುವೆಯ ನೀರು ರಸ್ತೆಯ ಬದಿಗೆ, ಕಬ್ಬಿನ ಭಾರ ರಸ್ತೆಯ ಮೇಲೆ. ಅಲ್ಲಿ ರಸ್ತೆ ಉಳಿದರೆ ಎಲ್ಲಿಯಾದರೂ ಉಳಿದೀತು.

ಇಂಥ ರಸ್ತೆಗಾಗಿಯೇ ವಿದ್ವಾಂಸರು ಈಗ ಡಾಂಬರಿನ ಮಾಲಿನಲ್ಲಿ ಬೇರೆ ಬೇರೆ ವಸ್ತು ಬೆರೆಸಿ ನೋಡುತ್ತಿರುವುದು. ಪ್ಲಾಸ್ಟಿಕ್, ಹಳೆಯ ಟಾಯರಿನ ರಬ್ಬರು, ಉಕ್ಕಿನ ಕಾರಖಾನೆಯ ಕಿಟ್ಟ, ನಾರು, ಹಳೆಯ ರಸ್ತೆಯಿಂದ ಕೆತ್ತಿ ತೆಗೆದ ಮಾಲು. ಇವುಗಳಲ್ಲಿ ಯಾವುದೂ ಮಂತ್ರದ ಬೂದಿಯಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಪುಣೆಯ ಜಂಗ್ಲಿ ಮಹಾರಾಜ ರಸ್ತೆಯನ್ನು ನೋಡಿದವರು ನಮ್ಮಲ್ಲಿ ಅನೇಕರಿದ್ದಾರೆ. 1976ರಲ್ಲಿ ಮುಂಬಯಿಯ ರೆಕಾಂಡೊ ಎಂಬ ಕಂಪನಿ ಅದನ್ನು ಹಾಕಿ ಹತ್ತು ವರ್ಷದ ಹಾಮಿ ಕೊಟ್ಟಿತು. ಹತ್ತಲ್ಲ, ದಶಕಗಳ ಕಾಲ ಆ ರಸ್ತೆ ಗುಂಡಿ ಬೀಳದೆ ನಿಂತು ಹೆಸರಾಯಿತು. ನಾರೂ ಪ್ಲಾಸ್ಟಿಕ್ಕೂ ಅದರ ಕೀರ್ತಿಗೆ ಕಾರಣವಲ್ಲ. ಒಳ್ಳೆಯ ಖಡಿ, ಸರಿಯಾದ ಪ್ರಮಾಣ, ಬಿಸಿ ಇರುವಾಗಲೇ ಬಿಗಿಯಾದ ರೋಲಿಂಗು, ನೀರು ಹರಿದುಹೋಗುವ ಇಳಿಜಾರು, ಇವುಗಳ ಮೇಲೆ ಹಾಕಿದವನೇ ಹೊಣೆ ಹೊತ್ತ ಹಾಮಿ. ಇಷ್ಟನ್ನು ಬಿಟ್ಟು ಮಾಲಿನಲ್ಲಿ ಏನು ಬೆರೆಸಿದರೂ ಅದು ಹುಳುಕು ಹಲ್ಲಿಗೆ ಚಿನ್ನದ ತಗಡು ಹೊಡೆಸಿದಂತೆ.

ಇರಲಿ, ಇನ್ನು ಅಕ್ಕನ ಪ್ರಶ್ನೆಗೆ ಬರೋಣ. ಪ್ಲಾಸ್ಟಿಕ್ ಹಾಕುವುದು ಖರೆ. ಇದರಲ್ಲಿ ದಕ್ಷಿಣದವರ ಪಾಲು ದೊಡ್ಡದು. ಮಧುರೈಯ ತ್ಯಾಗರಾಜರ್ ಇಂಜಿನಿಯರಿಂಗ್ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ರಾಜಗೋಪಾಲನ್ ವಾಸುದೇವನ್ ಅವರು ಚೂರು ಮಾಡಿದ ಪ್ಲಾಸ್ಟಿಕ್ಕನ್ನು ನೇರವಾಗಿ ಬಿಸಿ ಖಡಿಯ ಮೇಲೆ ಉದುರಿಸಿ, ಅದು ಕರಗಿ ಕಲ್ಲಿಗೆ ಪೊರೆಯಂತೆ ಅಂಟಿದ ಮೇಲೆ ಡಾಂಬರು ಸೇರಿಸುವ ಕ್ರಮವನ್ನು ಕಂಡುಹಿಡಿದರು. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ನಮ್ಮ ಬೆಂಗಳೂರಿನಲ್ಲಿ ಪ್ಲಾಸ್ಟಿಕ್ ಚೀಲದ ವ್ಯವಹಾರದಲ್ಲಿದ್ದ ಅಹಮದ್ ಖಾನ್, ರಸೂಲ್ ಖಾನ್ ಎಂಬ ಸೋದರರು ಈ ಶತಮಾನದ ಆರಂಭದಲ್ಲಿ ಇದೇ ಕೆಲಸಕ್ಕೆ ಕೈಹಾಕಿದರು. ಬೆಂಗಳೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಜಸ್ಟೋ ಮತ್ತು ವೀರರಾಘವನ್ ಅವರ ಕೈಯಲ್ಲಿ ಅದರ ಪರೀಕ್ಷೆ ನಡೆಯಿತು. ರಸ್ತೆಯ ವಿದ್ಯೆ ಕಲಿಯುವ ಹುಡುಗರು ದೇಶದ ಉದ್ದಗಲಕ್ಕೂ ಓದುವ ಖನ್ನಾ-ಜಸ್ಟೋ ಪುಸ್ತಕದ ಜಸ್ಟೋ ಅವರೇ ಇವರು. 2013ರಲ್ಲಿ ಭಾರತೀಯ ರಸ್ತೆ ಕಾಂಗ್ರೆಸ್ ಇದಕ್ಕೆ ನಿಯಮಗಳನ್ನು ಬರೆಯಿತು. 2015ರ ನವೆಂಬರಿನಲ್ಲಿ ಕೇಂದ್ರ ರಸ್ತೆ ಖಾತೆಯು, ಐದು ಲಕ್ಷಕ್ಕೆ ಮೀರಿ ಜನರಿರುವ ನಗರಗಳ ಸುತ್ತ 50 ಕಿಲೋಮೀಟರಿನೊಳಗೆ ಮೇಲುಪದರದಲ್ಲಿ ಪ್ಲಾಸ್ಟಿಕ್ ಬಳಸಬೇಕೆಂದು ಹುಕುಂ ಹೊರಡಿಸಿತು. ಪುಣೆಯಿಂದ ಸುಮಾರು ನೂರು ಕಿಲೋಮೀಟರು ದೂರದ ಬಾರಾಮತಿ ಆ ಸುತ್ತಳತೆಗೆ ಸೇರದು. ಆದರೆ ಹೊರಗಿನವರು ಬಳಸಬಾರದೆಂದು ಹುಕುಮಿನಲ್ಲಿ ಇಲ್ಲ.

ಪ್ಲಾಸ್ಟಿಕ್ಕಿನ ಪ್ರಮಾಣ ಎಷ್ಟು? ಡಾಂಬರಿನ ತೂಕದ ನೂರಕ್ಕೆ ಆರರಿಂದ ಎಂಟು ಪಾಲು. ಒಂದು ಲೆಕ್ಕ ಹಾಕೋಣ. ಮೂರೂಮುಕ್ಕಾಲು ಮೀಟರು ಅಗಲದ ಹಳ್ಳಿಯ ರಸ್ತೆ, ಮೂರು ಸೆಂಟಿಮೀಟರು ದಪ್ಪದ ಮೇಲುಪದರ, ಒಂದು ಕಿಲೋಮೀಟರು ಉದ್ದ: ಮಾಲು ಸುಮಾರು 260 ಟನ್ನು ಬೇಕು. ಅದರಲ್ಲಿ ಡಾಂಬರು 14 ಟನ್ನು. ಎಂಟರಂತೆ ಹಿಡಿದರೆ ಪ್ಲಾಸ್ಟಿಕ್ ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು. ಊರಿನ ಕಸದ ಗುಡ್ಡವೆಲ್ಲ ರಸ್ತೆಯಡಿ ಮಾಯವಾಗುತ್ತದೆಂದು ಭಾಷಣ ಮಾಡುವವರು ಈ ಲೆಕ್ಕವನ್ನು ಒಮ್ಮೆ ಮಾಡಿನೋಡಬೇಕು. ಕಸಕ್ಕೆ ಇದು ಔಷಧವಲ್ಲ. ರಸ್ತೆಗೆ, ಸರಿಯಾಗಿ ಮಾಡಿದರೆ, ಉಪಕಾರವುಂಟು. ಪ್ಲಾಸ್ಟಿಕ್ಕಿನ ಪೊರೆ ಹೊದ್ದ ಕಲ್ಲಿಗೆ ನೀರು ಸುಲಭವಾಗಿ ನುಗ್ಗುವುದಿಲ್ಲ, ಬಿಸಿಲಿಗೆ ಮಾಲು ಅಷ್ಟು ಬೇಗ ಜರಗುವುದಿಲ್ಲ.

ಆದರೆ “ಸರಿಯಾಗಿ” ಎಂಬ ಮಾತಿನಲ್ಲಿಯೇ ಕೂಲಿಕಾರನ ಪುಪ್ಪುಸ ಸಿಕ್ಕಿಕೊಂಡಿದೆ. ಹಾಲಿನ ಚೀಲ, ಕಿರಾಣಿ ಚೀಲಗಳ ಜಾತಿಯ ಪ್ಲಾಸ್ಟಿಕ್ಕು 160, 170 ಡಿಗ್ರಿಯಲ್ಲಿ ಮೆತ್ತಗಾಗಿ ಕರಗುತ್ತದೆ, ಒಡೆದು ಸುಡುವುದಿಲ್ಲ. ಪಿ.ವಿ.ಸಿ. ಎಂಬ ಜಾತಿ ಹಾಗಲ್ಲ. ಕೊಳವೆ, ತಂತಿಯ ಹೊದಿಕೆ ಮೊದಲಾದುವು ಅದರವು. ಕಾಯಿಸಿದರೆ ಅದರಿಂದ ಮೂಗು ಗಂಟಲು ಸುಡುವ ಆಮ್ಲದ ಹಬೆ ಏಳುತ್ತದೆ. ಆದ್ದರಿಂದ ಪಿ.ವಿ.ಸಿ.ಯನ್ನು ಸೇರಿಸಲೇಕೂಡದೆಂದು ನಿಯಮವಿದೆ. ಆ ಎರಡು ಜಾತಿಗಳನ್ನು ಬೇರ್ಪಡಿಸುವವರು ಯಾರು? ಕಸ ಆಯುವ ಹೆಣ್ಣುಮಕ್ಕಳು. ಪುಣೆಯಲ್ಲಿ ಅವರು 1993ರಲ್ಲಿಯೇ ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತಿ ಎಂದು ತಮ್ಮ ಸಂಘ ಕಟ್ಟಿಕೊಂಡರು. ಬೇರೆ ಎಷ್ಟೋ ಊರುಗಳಲ್ಲಿ ಅವರಿಗೆ ಹೆಸರೂ ಇಲ್ಲ, ದರವೂ ಇಲ್ಲ. ಆಯುವವರಿಗೆ ನ್ಯಾಯವಾದ ದರ ಕೊಡದೆ ಅಗ್ಗದ ಕಲಬೆರಕೆ ಚೂರು ತಂದು ಸುರಿದರೆ, ಅದರ ಹಬೆ ಹೋಗುವುದು ಬುಟ್ಟಿ ಹೊತ್ತವಳ ಮೂಗಿಗೆ. ಒಂದು ಕಡೆ ಬಡವಳಿಗೆ ಕೊಡದ ರೂಪಾಯಿ ಇನ್ನೊಂದು ಕಡೆ ಬಡವಳ ಕೆಮ್ಮಾಗುತ್ತದೆ.

ನಾರಿನ ಕಥೆ ಬೇರೆ, ನನಗೆ ಅದು ಹೆಚ್ಚು ಹಿಡಿಸಿತು. ಗೋಡೆಗೆ ಮೆತ್ತುವ ಕೆಸರಿನಲ್ಲಿ ಹೊಟ್ಟು, ಹುಲ್ಲು ತುಳಿದು ಸೇರಿಸುವುದು ನಮ್ಮ ಅಜ್ಜಂದಿರಿಗೆ ಗೊತ್ತಿತ್ತು. ಒಣಗಿದ ಮೇಲೆ ಬಿರುಕು ಬಿಡಬಾರದೆಂದು. ರಸ್ತೆಗೂ ಅದೇ ಯುಕ್ತಿ. ಅಮೇರಿಕೆಯ ದಕ್ಷಿಣ ಕೆರೊಲಿನಾ ಸಂಸ್ಥಾನದವರು 1926ರಲ್ಲಿಯೇ ಹತ್ತಿಯ ಬಟ್ಟೆಯನ್ನು ಹಾಸಿ ಅದರ ಮೇಲೆ ಡಾಂಬರು ಹಾಕಿ ನೋಡಿದರು. 1960ರ ದಶಕದಲ್ಲಿ ಜರ್ಮನಿಯಲ್ಲಿ, ಚಳಿಗಾಲದಲ್ಲಿ ಮೊಳೆ ಹೊಡೆದ ಟಾಯರುಗಳು ರಸ್ತೆಯನ್ನು ಕಿತ್ತುಹಾಕುತ್ತಿದ್ದುದರಿಂದ, ದಪ್ಪ ಖಡಿಯನ್ನು ಒಂದಕ್ಕೊಂದು ಒರಗಿ ನಿಲ್ಲುವಂತೆ ಹೆಚ್ಚಾಗಿ ಹಾಕಿ ನಡುವಿನ ಸಂದಿಯಲ್ಲಿ ಹೆಚ್ಚು ಡಾಂಬರು ತುಂಬುವ ಮಾಲನ್ನು ಕಂಡುಹಿಡಿದರು. ಸ್ಟೋನ್ ಮ್ಯಾಟ್ರಿಕ್ಸ್ ಎಂದು ಅದರ ಹೆಸರು. ಆದರೆ ಡಾಂಬರು ಹೆಚ್ಚಾದಾಗ ಡಂಪರಿನಲ್ಲಿ ಸಾಗಿಸುವಾಗಲೇ ಕೆಳಗೆ ಬಸಿದುಹೋಗುತ್ತಿತ್ತು. ಅದನ್ನು ಹಿಡಿದು ನಿಲ್ಲಿಸಿದ್ದು ಮರದ ನಾರು. ನೂರು ಕಿಲೋ ಮಾಲಿಗೆ ಮುನ್ನೂರು ಗ್ರಾಂ, ಅಷ್ಟೇ. ನಮ್ಮ ರಸ್ತೆ ಕಾಂಗ್ರೆಸ್ಸೂ 2008ರಲ್ಲಿ ಈ ಮಾಲಿಗೆ ನಿಯಮ ಬರೆದಿದೆ. ಹಾಲೆಂಡಿನವರು ಇನ್ನೂ ಮುಂದೆ ಹೋಗಿದ್ದಾರೆ: 2010ರಲ್ಲಿ ಎ-58 ಎಂಬ ಹೆದ್ದಾರಿಯ ಒಂದು ಭಾಗದಲ್ಲಿ ಉಕ್ಕಿನ ಎಳೆಗಳನ್ನು ಬೆರೆಸಿದ್ದಾರೆ, ಸಣ್ಣ ಬಿರುಕು ಬಂದಾಗ ಮೇಲಿಂದ ವಿದ್ಯುತ್ತಿನ ಯಂತ್ರವನ್ನು ಹಾಯಿಸಿದರೆ ಎಳೆಗಳು ಬಿಸಿಯಾಗಿ ಡಾಂಬರು ಕರಗಿ ಬಿರುಕು ತಾನೇ ಮುಚ್ಚುತ್ತದಂತೆ. ನಮಗೆ ಅದು ಸದ್ಯಕ್ಕೆ ಬೇಡ.

ನಮ್ಮ ದೇಶದಲ್ಲಿ ಈ ಮಾಲು ಮಾಡುವವರು ಜರ್ಮನಿಯಲ್ಲಿ ತಯಾರಾದ ನಾರಿನ ಗುಳಿಗೆಗಳನ್ನು ತರಿಸುವುದುಂಟು. ಬಾರಾಮತಿಯಲ್ಲಿ ನಿಂತು ಇದನ್ನು ನೆನೆದಾಗ ನನಗೆ ನಗು ಬಂತು. ಕೇರಳದವರು ತೆಂಗಿನ ನಾರನ್ನು ಈ ಕೆಲಸಕ್ಕೆ ಪರೀಕ್ಷಿಸಿದ್ದಾರೆ, ಬಾಳೆಯ ನಾರು, ಸೆಣಬು, ಕತ್ತಾಳೆಗಳ ಮೇಲೂ ಪ್ರಯೋಗ ನಡೆದಿವೆ. ಬ್ರೆಜಿಲಿನಲ್ಲಿ ಕಬ್ಬಿನ ಸಿಪ್ಪೆಯ ನಾರನ್ನೇ ಹಾಕಿ ನೋಡಿದ್ದಾರೆ. ಕಬ್ಬು ಅರೆದ ಮೇಲೆ ನೂರು ಟನ್ನಿಗೆ ಮೂವತ್ತು ಟನ್ನಿನಷ್ಟು ಹಸಿ ಸಿಪ್ಪೆ ಉಳಿಯುತ್ತದೆ. ಅದರಲ್ಲಿ ಅರ್ಧ ನೀರು. ಹಿಂದೆ ಹಾಕಿದ ಲೆಕ್ಕದ ಒಂದು ಕಿಲೋಮೀಟರು ರಸ್ತೆಗೆ, ನೂರಕ್ಕೆ ಮುನ್ನೂರು ಗ್ರಾಮಿನಂತೆ, ಬೇಕಾಗುವ ನಾರು ಎಂಟು ಕ್ವಿಂಟಲಿಗೆ ಒಂದಿಷ್ಟು ಕಡಿಮೆ. ಹತ್ತು ಟನ್ನಿನ ಒಂದು ಟ್ರೇಲರು ಕಬ್ಬು ಅರೆದರೆ ಒಣಸಿಪ್ಪೆ ಹದಿನೈದು ಕ್ವಿಂಟಲು ಸಿಗುತ್ತದೆ. ಬೆಂಡು ಬೇರ್ಪಡಿಸಿ ಒಳ್ಳೆಯ ಎಳೆಯನ್ನಷ್ಟೇ ಆರಿಸಿಕೊಂಡರೂ ಒಂದು ಟ್ರೇಲರಿನ ಕಬ್ಬು ಒಂದು ಕಿಲೋಮೀಟರಿಗೆ ಸಾಕಾದೀತು. ಆ ರಸ್ತೆಯನ್ನು ಕೆಡಿಸುವ ಟ್ರೇಲರುಗಳಲ್ಲಿಯೇ ಒಂದು, ಅದನ್ನು ಗಟ್ಟಿ ಮಾಡುವ ವಸ್ತುವನ್ನೂ ಹೊತ್ತು ಹೋಗುತ್ತಿದೆ.

ಸಿಪ್ಪೆಯನ್ನು ಕಾರಖಾನೆಯವರು ಬಿಸಾಡುವುದಿಲ್ಲ ಎಂಬುದು ನನಗೆ ಗೊತ್ತಿದೆ. ಬಾಯ್ಲರಿಗೆ ಹಾಕಿ ಉಗಿ ಮಾಡುತ್ತಾರೆ, ವಿದ್ಯುತ್ತು ಮಾಡಿ ಮಾರುತ್ತಾರೆ, ಕಾಗದದ ಗಿರಣಿಗೂ ಹೋಗುತ್ತದೆ. ಆದರೆ ರಸ್ತೆಗೆ ಬೇಕಾದದ್ದು ಬೆಟ್ಟದಿಂದ ಒಂದು ಬುಟ್ಟಿ ಮಣ್ಣು. ದಿನಕ್ಕೆ ಐದು ಸಾವಿರ ಟನ್ನು ಅರೆಯುವ ಕಾರಖಾನೆಯ ಒಂದು ದಿನದ ಸಿಪ್ಪೆ ಒಂದೂವರೆ ಸಾವಿರ ಟನ್ನು! ಹಾಗೆಂದು ನಾಳೆಯೇ ತಂದು ಸುರಿಯಿರಿ ಎಂದು ಹೇಳಲಾರೆ. ಸಿಪ್ಪೆಯಲ್ಲಿ ಸಕ್ಕರೆಯ ಅಂಶ ಉಳಿದಿರುತ್ತದೆ, ಅದನ್ನು ತೊಳೆಯಬೇಕು. ನಾರು ನೀರು ಹೀರುವ ಜಾತಿ. ಹಸಿಯಾಗಿ ಹೋದರೆ ಗೆಲ್ಲಬೇಕಾದ ನೀರನ್ನೇ ರಸ್ತೆಯೊಳಗೆ ಕರೆದುಕೊಂಡು ಹೋದಂತೆ. ಸಣ್ಣಗೆ ಕತ್ತರಿಸಬೇಕು, ಒಂದೆಡೆ ಉಂಡೆ ಕಟ್ಟದಂತೆ ಹರಡಬೇಕು, 170 ಡಿಗ್ರಿಯಲ್ಲಿ ಕರಿದುಹೋಗದೆ ಉಳಿಯುವುದೇ ಎಂದು ನೋಡಬೇಕು.

ನೋಡುವುದಕ್ಕೆ ಸಾಧನ ಇಲ್ಲವೇ? ಬಾರಾಮತಿಯಲ್ಲಿ ವಿದ್ಯಾ ಪ್ರತಿಷ್ಠಾನದ ಇಂಜಿನಿಯರಿಂಗ್ ಕಾಲೇಜಿದೆ. ಮಾರ್ಷಲ್ ಪರೀಕ್ಷೆಯೆಂಬುದು ದೊಡ್ಡ ವಿದ್ಯೆಯೇನಲ್ಲ: ಅಮೇರಿಕೆಯ ಮಿಸಿಸಿಪಿ ರಸ್ತೆ ಇಲಾಖೆಯ ಬ್ರೂಸ್ ಮಾರ್ಷಲ್ 1939ರ ಸುಮಾರಿಗೆ ರೂಪಿಸಿದ್ದು. ಬಿಸಿ ಮಾಲನ್ನು ನಾಲ್ಕು ಅಂಗುಲದ ಅಚ್ಚಿನಲ್ಲಿ ಹಾಕಿ, ನಾಲ್ಕೂವರೆ ಕಿಲೋದ ಸುತ್ತಿಗೆಯನ್ನು ಒಂದೂವರೆ ಅಡಿಯಿಂದ ಬೀಳಿಸಿ ಎರಡೂ ಮುಖಕ್ಕೆ 75 ಏಟು ಕೊಟ್ಟು, 60 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ಅದು ಎಷ್ಟು ಭಾರಕ್ಕೆ ಒಡೆಯುತ್ತದೆ, ಎಷ್ಟು ಜರಗುತ್ತದೆ ಎಂದು ನೋಡುವುದು. ಹುಡುಗರು ಮಾಡಬಲ್ಲರು. ಬಳಿಕ ಕಾರಖಾನೆಯ ಗೇಟಿನ ಮುಂದಿನ ಅರ್ಧ ಕಿಲೋಮೀಟರು ರಸ್ತೆಯಲ್ಲಿ ಹಾಕಿ ಎರಡು ಹಂಗಾಮು, ಎರಡು ಮಳೆಗಾಲ ಕಾಯಬೇಕು. ಟ್ರೇಲರುಗಳಿಗಿಂತ ಕಠಿಣವಾದ ಪರೀಕ್ಷಕರು ಸಿಗಲಾರರು.

ಕಬ್ಬಿನ ಸೀಮೆಯವರು ಗಮನಿಸಬೇಕಾದ ಇನ್ನೊಂದು ಸುದ್ದಿ. 2024ರ ಡಿಸೆಂಬರಿನಲ್ಲಿ ನಾಗಪುರದ ಹತ್ತಿರ ಮನಸರದಲ್ಲಿ 44ನೆಯ ಹೆದ್ದಾರಿಯ ಒಂದು ತುಂಡನ್ನು, ಬೆಳೆಯ ಉಳಿಕೆಯಿಂದ ತೆಗೆದ ಲಿಗ್ನಿನ್ ಎಂಬ ಅಂಟನ್ನು ಡಾಂಬರಿನಲ್ಲಿ ಬೆರೆಸಿ ಹಾಕಿದ್ದಾರೆ. ದಿಲ್ಲಿಯ ಕೇಂದ್ರ ರಸ್ತೆ ಸಂಶೋಧನಾ ಸಂಸ್ಥೆಯೂ ಪುಣೆಯ ಪ್ರಾಜ್ ಕಂಪನಿಯೂ ಸೇರಿ ಮಾಡಿದ ಕೆಲಸ ಅದು. ಕಬ್ಬಿನ ಸಿಪ್ಪೆಯಲ್ಲಿ ಐದನೇ ಒಂದು ಪಾಲು ಈ ಅಂಟೇ. ಡಾಂಬರಿನ ದೊಡ್ಡ ಪಾಲನ್ನು ಹೊರದೇಶದಿಂದ ತರಿಸುವ ನಮಗೆ ಇದು ಸಣ್ಣ ಮಾತಲ್ಲ.

ಹಳೆಯ ರಸ್ತೆಯ ಮಾಲಿನ ವಿಷಯವನ್ನು ಚಾಳುಗಳಲ್ಲಿ ಇರುವವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಪ್ರತಿ ಸಲ ಹಳೆಯ ಪದರದ ಮೇಲೆಯೇ ಹೊಸ ಪದರ; ಮೂರು ಚುನಾವಣೆ ಮುಗಿಯುವಷ್ಟರಲ್ಲಿ ಹೊಸ್ತಿಲು ರಸ್ತೆಗಿಂತ ಕೆಳಗೆ. ಮಳೆ ಬಂದರೆ ಗಟಾರದ ನೀರು ಅಡಿಗೆಮನೆಗೆ. ಹಳೆಯ ಪದರವನ್ನು ಯಂತ್ರದಿಂದ ಕೆತ್ತಿ ತೆಗೆದು, ಅದೇ ಖಡಿಯನ್ನೂ ಅದರ ಡಾಂಬರನ್ನೂ ಹೊಸ ಮಾಲಿನೊಡನೆ ಮತ್ತೆ ಬಳಸಿದರೆ ರಸ್ತೆಯ ಎತ್ತರ ಏರದು, ಗುಡ್ಡ ಒಡೆಯುವುದು ಕಡಿಮೆಯಾಗುತ್ತದೆ. 1973ರ ತೈಲದ ಅಭಾವದ ನಂತರ ಅಮೇರಿಕದವರು ಇದನ್ನು ದೊಡ್ಡದಾಗಿ ಕೈಗೊಂಡರು. ಜಪಾನಿನಲ್ಲಿ ಕೆತ್ತಿದ ಮಾಲು ಬಹುತೇಕ ಎಲ್ಲವೂ ಮರಳಿ ಬಳಕೆಯಾಗುತ್ತದೆ. ನಮ್ಮಲ್ಲಿಯೂ 2015ರಿಂದ ನಿಯಮವಿದೆ. ಇದ್ದೂ ಎಷ್ಟೋ ಕಡೆ ಕೆತ್ತಿದ ಮಾಲು ಹೊಲದ ಬದಿಗೆ ಬೀಳುವುದನ್ನು ಕಾಣುತ್ತೇವೆ. ಮುಪ್ಪಾದ ಡಾಂಬರು ಗಡುಸಾಗಿರುತ್ತದೆ, ಅದಕ್ಕೆ ಮೆದುವಾದ ಹೊಸತನ್ನು ಅಳೆದು ಸೇರಿಸಬೇಕು. ಅಳೆಯದೆ ಸೇರಿಸಿದರೆ ಮತ್ತೆ ಬಿರುಕು. ಅಳೆಯುವುದೆಂದರೇ ನಮ್ಮವರಿಗೆ ಬೇಸರ.

ಈಗ ಕಹಿಯಾದ ಮಾತಿಗೆ ಬರುತ್ತೇನೆ. ಸಂಘದ ಕೆಲವು ಹಿರಿಯರ ಮುಂದೆ ಇದನ್ನೆಲ್ಲ ಹೇಳಿದಾಗ ಅವರು ಕೇಳಿದರು: “ಇದೆಲ್ಲ ಬಂದರೆ ನಮ್ಮ ಜನರಿಗೆ ಕೆಲಸ ಉಳಿಯುತ್ತದೆಯೇ?” ಪ್ರಶ್ನೆ ನ್ಯಾಯವಾದದ್ದು. ನಾರು ಸೇರಿದ ಸ್ಟೋನ್ ಮ್ಯಾಟ್ರಿಕ್ಸ್ ಮಾಲು ಜಿಗುಟು. ಸಲಿಕೆಯಿಂದ ಎಳೆದು ಹರಡುವುದಕ್ಕೆ ಬಗ್ಗುವುದಿಲ್ಲ, ಪೇವರ್ ಯಂತ್ರವೇ ಹಾಸಬೇಕು, ರೋಲರು ಬೆನ್ನಿಗೇ ಬರಬೇಕು. ಕೆತ್ತುವ ಯಂತ್ರ ಬಂದರೆ ಹಾರೆಯವನಿಗೆ ಕೆಲಸವಿಲ್ಲ. ಹದಿನೆಂಟು ಜನರ ಟೋಳಿಯ ಜಾಗದಲ್ಲಿ ಎಂಟು ಜನ ಸಾಕಾಗಬಹುದು. ಇದನ್ನು ಮುಚ್ಚಿಟ್ಟು ಹೊಸ ವಿದ್ಯೆಯ ಸ್ತುತಿ ಮಾಡುವುದು ನಮ್ಮ ಪತ್ರಿಕೆಗೆ ಶೋಭಿಸದು.

ಆದರೂ ಯಂತ್ರವನ್ನು ತಡೆಯಿರೆಂದು ನಾನು ಹೇಳೆನು. 150 ಡಿಗ್ರಿಯ ಮಾಲನ್ನು ಹೆಣ್ಣುಮಗಳು ಬುಟ್ಟಿಯಲ್ಲಿ ಹೊರುವ ಕೆಲಸ ಉಳಿಯಲಿ ಎಂದು ಬೇಡುವುದಕ್ಕೆ ನನಗೆ ಬಾಯಿ ಬಾರದು. ನಾವು ಬೇಡಬೇಕಾದದ್ದು ಯಂತ್ರದ ಮೇಲಿನ ಆಸನ. ಪೇವರಿನ ತಟ್ಟೆಯ ದಪ್ಪ ನೋಡುವವನು, ರೋಲರು ನಡೆಸುವವನು, ಪ್ಲಾಂಟಿನಲ್ಲಿ ಬಿಸಿಯ ಮುಳ್ಳು ನೋಡುವವನು ನಮ್ಮ ಟೋಳಿಗಳಿಂದ ಏಕೆ ಬರಬಾರದು? ಹತ್ತು ವರ್ಷ ಮಾಲು ಎಳೆದ ಕೂಲಿಕಾರನು ಅದರ ಬಣ್ಣ ನೋಡಿಯೇ ತಣ್ಣಗಾಗಿದೆ, ಸುಟ್ಟುಹೋಗಿದೆ ಎಂದು ಹೇಳುತ್ತಾನೆ. ಆ ಅರಿವಿಗೆ ಕಾಗದದ ಸರ್ಟಿಫಿಕೇಟು ಇಲ್ಲ. ಅದನ್ನು ಕೊಡಿಸುವುದು ಸಂಘದ ಕೆಲಸ, ಊರಿನಲ್ಲಿರುವ ಐ.ಟಿ.ಐ.ಗಳ ಕೆಲಸ. ನಾರಿನ ವಿಷಯದಲ್ಲಿ ಇನ್ನೊಂದು ದಾರಿಯೂ ಇದೆ: ಸಿಪ್ಪೆ ತೊಳೆದು, ಒಣಗಿಸಿ, ಕತ್ತರಿಸಿ ಗುಳಿಗೆ ಮಾಡುವ ಕೆಲಸ ಅದೇ ತಾಲೂಕಿನಲ್ಲಿ ನಡೆದರೆ, ಬುಟ್ಟಿ ಬಿಟ್ಟ ಕೈಗಳಿಗೆ ನೆರಳಿನಲ್ಲಿ ಕೆಲಸ ಸಿಕ್ಕೀತು. ಜರ್ಮನಿಗೆ ಹೋಗುವ ಹಣದಲ್ಲಿ ಅವರ ಪಗಾರ ಹೊರಡಬಹುದು.

ಇನ್ನು ಹೊಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿಯು 2011ರಲ್ಲಿ ಸಭೆ ಸೇರಿ ಡಾಂಬರಿನ ಹೊಗೆಯನ್ನು ವಿಚಾರಿಸಿತು. ಮಾಳಿಗೆಗೆ ಡಾಂಬರು ಹಾಕುವವರಿಗೆ ಅದು ಬಹುಮಟ್ಟಿಗೆ ಕ್ಯಾನ್ಸರ್ ತರುವಂಥದ್ದು ಎಂದೂ, ರಸ್ತೆಗೆ ಹಾಕುವವರಿಗೆ ತರಬಹುದಾದದ್ದು ಎಂದೂ ಹೇಳಿತು. ರಸ್ತೆಯವರ ವಿಷಯದಲ್ಲಿ ಮಾತು ಮೆದುವಾಗಿದೆ ಎಂದು ಗುತ್ತೇದಾರರು ಸಮಾಧಾನ ಪಡಬಹುದು, ನಾವು ಪಡಲಾರೆವು. ಕಣ್ಣುರಿ, ಗಂಟಲು ಕೆರೆತ, ಕೆಮ್ಮು ಎಂಬುದಕ್ಕೆ ಮಂಡಳಿಯ ತೀರ್ಮಾನವೇನೂ ಬೇಕಾಗಿಲ್ಲ. ಹೊಗೆ ಏರುವುದು ಬಿಸಿಯ ಮೇಲೆ. ಮಾಲು ಬಿಸಿ ಹೆಚ್ಚಾದಷ್ಟೂ ಹೊಗೆ ಹೆಚ್ಚು. ಇದಕ್ಕಾಗಿಯೇ ಯುರೋಪಿನಲ್ಲಿ 1990ರ ದಶಕದಲ್ಲಿ ಕಡಿಮೆ ಬಿಸಿಯ ಮಾಲು ಹುಟ್ಟಿತು. ಡಾಂಬರಿಗೆ ನೀರಿನ ನೊರೆ ಅಥವಾ ಔಷಧಿ ಸೇರಿಸಿ 20ರಿಂದ 40 ಡಿಗ್ರಿ ಕೆಳಗೇ ಕಲಸುವುದು, ಹಾಸುವುದು. ಉರುವಲು ಉಳಿಯುತ್ತದೆ, ಹೊಗೆ ತಗ್ಗುತ್ತದೆ. ನಮ್ಮ ರಸ್ತೆ ಕಾಂಗ್ರೆಸ್ಸು 2014ರಲ್ಲಿಯೇ ಇದಕ್ಕೂ ನಿಯಮ ಬರೆದಿಟ್ಟಿದೆ. ಪ್ಲಾಸ್ಟಿಕ್ ಬೆರೆಸಲು 165 ಡಿಗ್ರಿ ಬೇಕೆನ್ನುವ ಕ್ರಮವೂ, ಹೊಗೆ ತಗ್ಗಿಸಲು 130 ಸಾಕೆನ್ನುವ ಕ್ರಮವೂ ಒಂದಕ್ಕೊಂದು ಹೊಂದುವುದು ಕಷ್ಟ. ಇವೆರಡರಲ್ಲಿ ಒಂದನ್ನು ಆರಿಸಬೇಕಾದರೆ ನಾನು ಕಡಿಮೆ ಬಿಸಿಯದನ್ನೇ ಆರಿಸುತ್ತೇನೆ. ಚೀಲಗಳಿಗೆ ಬೇರೆ ಗತಿ ಹುಡುಕಬಹುದು. ಪುಪ್ಪುಸಕ್ಕೆ ಬೇರೆ ಇಲ್ಲ.

ಮಾರ್ಷಲ್ ಪರೀಕ್ಷೆ ಮಾಲಿನ ಬಲ ಅಳೆಯುತ್ತದೆ, ಬಸಿಯುವ ಪರೀಕ್ಷೆ ಮಾಲಿನಿಂದ ಡಾಂಬರು ಎಷ್ಟು ಬಸಿಯುತ್ತದೆಂದು ಅಳೆಯುತ್ತದೆ. ಹೊಸ ಮಾಲಿನ ಮೇಲೆ ಬರುವ ವರದಿಗಳಲ್ಲಿ ನಾನು ಓದಿದವುಗಳಲ್ಲಿ ಒಂದರಲ್ಲಿಯೂ ಹಾಸುವವರ ಉಸಿರಿನ ಕಾಲಮು ಇರಲಿಲ್ಲ. ವಿದ್ವಾಂಸರು ದುಷ್ಟರೆಂದಲ್ಲ, ಯಾರೂ ಅವರನ್ನು ಕೇಳಿಲ್ಲ. ಟೆಂಡರಿನಲ್ಲಿ ಖಡಿಯ ಅಳತೆ, ಡಾಂಬರಿನ ದರ್ಜೆ ಬರೆಯುವ ಹಾಗೆಯೇ ಮಾಲಿನ ಬಿಸಿ ಇಷ್ಟನ್ನು ಮೀರಕೂಡದು, ಪ್ಲಾಸ್ಟಿಕ್ ಬೆರೆಸಿದರೆ ಪಿ.ವಿ.ಸಿ. ಇಲ್ಲವೆಂಬ ದಾಖಲೆ ಇರಬೇಕು, ಬೂಟು ಕೈಚೀಲಗಳ ವೆಚ್ಚ ಬೇರೆಯಾಗಿ ತೋರಿಸಬೇಕು ಎಂದು ಬರೆಯಲು ಅಡ್ಡಿಯೇನು? ಕಟ್ಟಡ ಕಾರ್ಮಿಕರ 1996ರ ಕಾಯಿದೆ ರಸ್ತೆ ಕೆಲಸದವರನ್ನೂ ಒಳಗೊಂಡಿತ್ತು. ಪರರಾಜ್ಯದಿಂದ ಬಂದವರಿಗೆ 1979ರ ಕಾಯಿದೆ ಇತ್ತು. ಎರಡನ್ನೂ 2020ರ ಸಂಹಿತೆಗಳಲ್ಲಿ ಸೇರಿಸಿದ್ದಾರೆ. ಹೆಸರು ಬದಲಾದರೂ ಹಕ್ಕು ಇದೆ, ಆದರೆ ಬಾರಾಮತಿಯಲ್ಲಿ ನಾನು ಕಂಡ ಹದಿನೆಂಟು ಜನರಲ್ಲಿ ನೋಂದಣಿಯ ಚೀಟಿ ಇದ್ದದ್ದು ಮೂವರ ಹತ್ತಿರ. ಅದೂ ಊರಿನ ಪತ್ತೆಯ ಮೇಲೆ.

ಖರ್ಚಿನ ಆಕ್ಷೇಪಣೆ ಬಂದೇ ಬರುತ್ತದೆ. ನಾರಿನ ಮಾಲಿಗೆ ಡಾಂಬರು ಹೆಚ್ಚು ಬೇಕು, ಆದ್ದರಿಂದ ಮೊದಲ ವೆಚ್ಚ ಹೆಚ್ಚು, ನಿಜ. ಪ್ರತಿ ಮಳೆಗಾಲದ ನಂತರ ಅದೇ ಗುಂಡಿಗೆ ಅದೇ ತೇಪೆ ಹಾಕುವ ವೆಚ್ಚವನ್ನು ಯಾರೂ ಕೂಡಿಸಿ ನೋಡುವುದಿಲ್ಲ. ತುಕಾರಾಮ ಮಹಾರಾಜರ ಪಾಲಖಿ ಬಾರಾಮತಿಯ ಮೇಲೆಯೇ ಪಂಢರಪುರಕ್ಕೆ ಹೋಗುತ್ತದೆ. ಸಂತರು ಕಾನಡಾ ಎಂದು ಕರೆದ ಆ ವಿಠಲನ ದರ್ಶನಕ್ಕೆ ನಮ್ಮ ಕಡೆಯವರೂ ಎಷ್ಟೋ ಜನ ನಡೆದು ಹೋಗುತ್ತಾರೆ, ಬರಿಗಾಲಲ್ಲಿ. ಗುಂಡಿಯ ಲೆಕ್ಕವನ್ನು ಆ ಕಾಲುಗಳನ್ನೂ ಕೇಳಬೇಕು.

ಬರೆದು ಮುಗಿಸುವ ಮೊದಲು ಟೋಳಿಯ ಮುಕಾದಮನಿಗೆ ಫೋನು ಮಾಡಿ ಆ ಅಕ್ಕನ ಕೈಗೆ ಕೊಡಿಸಿದೆ. ಅವರು ಆಗ ದೌಂಡದ ಕಡೆಗೆ ಬೇರೆ ಕೆಲಸಕ್ಕೆ ಹೋಗಿದ್ದರು. ಚೀಲ ಹಾಕುವುದು ಖರೆ, ಜಾತಿ ಆರಿಸಿ ಹದವಾದ ಬಿಸಿಯಲ್ಲಿ ಹಾಕಿದರೆ ಅಂಥ ಅಪಾಯವಿಲ್ಲ, ಬಿಸಿ ಮೀರಿದರೆ ಹೊಗೆ ಕೆಟ್ಟದ್ದು ಎಂದು ತಿಳಿದಷ್ಟನ್ನು ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಿಸಿ ಎಷ್ಟೈತಿ ಅಂತ ನಮಗ ಹ್ಯಾಂಗ ತಿಳೀಬೇಕ್ರಿ, ಅಣ್ಣಾರ?” ಎಂದಳು. ದೂರದಿಂದಲೇ ಹಿಡಿದು ಬಿಸಿ ನೋಡುವ ಥರ್ಮಾಮೀಟರು ಪೇಟೆಯಲ್ಲಿ ಸಿಗುತ್ತದೆ, ದೊಡ್ಡ ಬೆಲೆಯದಲ್ಲ ಎಂದೆ. “ಹಂಗಾರ ಮುಂದ ಬರೂಮುಂದ ಒಂದ ತಗೊಂಡ ಬರ್ರಿ. ನಮ್ಮ ಹುಡುಗಿ ಎಂಟನೇತ್ತ ಓದ್ಯಾಳ, ಅಕಿ ನೋಡಿ ಬರಕೋತಾಳ.”

ಮುಂದಿನ ತಿಂಗಳ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಅಂಥ ಎರಡು ಥರ್ಮಾಮೀಟರು ಕೊಳ್ಳುವುದಕ್ಕೆ ಠರಾವು ತರುತ್ತಿದ್ದೇನೆ.